ಬಂಡಿದಾರಿಯಲ್ಲಿ ನಿಂತ ಫೈರ್ ಇಂಜಿನ್ನು

“ಸಾರ್, ಈ ಗಾಡಿ ನಮ್ಮ ಮನೆ ಹತ್ರಕ್ಕೆ ಬತ್ತದಾ?”

ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಏಪ್ರಿಲ್ ತಿಂಗಳ ಅಗ್ನಿಶಾಮಕ ಸಪ್ತಾಹ. ಅಗ್ನಿಶಾಮಕ ದಳದವರು ಶಾಲೆಗೆ ಬಂದು ಬೆಂಕಿ ಆರಿಸುವುದನ್ನು ತೋರಿಸಿದರು. ಒದ್ದೆ ಗೋಣಿಚೀಲ ಹೊದಿಸಿ ಸಿಲಿಂಡರಿನ ಬೆಂಕಿ ಆರಿಸಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಅವರ ದೊಡ್ಡ ಕೆಂಪು ಗಾಡಿ ಮಾತ್ರ ಶಾಲೆಯ ಗೇಟಿನೊಳಗೆ ಬರಲಿಲ್ಲ. ಬರಲು ಆಗಲಿಲ್ಲ ಅನ್ನುವುದೇ ಸರಿ. ಟಾರ್ ರಸ್ತೆಯಲ್ಲೇ ನಿಂತಿತ್ತು. ಮಕ್ಕಳೇ ಸಾಲಾಗಿ ಹೊರಗೆ ಹೋಗಿ ನೋಡಿಕೊಂಡು ಬಂದರು. ಆಗ ಆ ಹುಡುಗಿ ಈ ಪ್ರಶ್ನೆ ಕೇಳಿದಳು. ಅವಳ ಮನೆ ಇರುವುದು ಊರಿನಾಚೆ, ತೋಟದೊಳಗೆ.

“ಬರುತ್ತಮ್ಮ” ಅಂತ ಹೇಳಲು ಬಾಯಿ ತೆರೆದವನು ಸುಮ್ಮನಾದೆ. ನನಗೆ ಇನ್ನೊಂದು ಊರು ನೆನಪಾಯಿತು.

ಹಲವು ವರ್ಷಗಳ ಹಿಂದಿನ ಮಾತು. ನಾನಾಗ ಡೆಂಕಣಿಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಪಾಠ ಮಾಡುತ್ತಿದ್ದೆ. ಊರಿನ ಹೆಸರು ಬೇಡ. ಮಾಸಿ ತಿಂಗಳ ಬಿಸಿಲು, ರಾಗಿ ಹುಲ್ಲಿನ ಮೆದೆ ಒಣಗಿ ಗರಿಗರಿಯಾಗಿತ್ತು. ಮಧ್ಯಾಹ್ನ ಮೆದೆಗೆ ಬೆಂಕಿ ಬಿತ್ತು. ಮೆದೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಮನೆಯ ಸೂರಿಗೆ. ಯಾರೋ ಫೋನ್ ಮಾಡಿದರು. ಫೈರ್ ಇಂಜಿನ್ನು ಬೇಗನೇ ಬಂತು, ಅದರಲ್ಲಿ ದೂರಲು ಏನೂ ಇರಲಿಲ್ಲ. ಆದರೆ ಊರಿನ ಬಾಯಲ್ಲಿ, ಊರವರೇ ಚಂದಾ ಎತ್ತಿ ಕಟ್ಟಿಸಿದ್ದ ಕಮಾನಿನ ಮುಂದೆ ಬಂದು ನಿಂತುಬಿಟ್ಟಿತು. ಗಾಡಿಯ ತಲೆ ಕಮಾನಿಗೆ ತಗಲುತ್ತಿತ್ತು. ಕಮಾನು ದಾಟಿದರೂ ಮುಂದೆ ಒಂದು ಮೂಲೆ, ಮೂಲೆಗೆ ಚಾಚಿಕೊಂಡ ಜಗಲಿ. ಡ್ರೈವರ್ ಇಳಿದು ನೋಡಿ ಎರಡೂ ಕೈ ಚೆಲ್ಲಿದರು. ಬೆಂಕಿ ಇದ್ದದ್ದು ಅಲ್ಲಿಂದ ಇನ್ನೂರು ಗಜ ಒಳಗೆ. ಹೋಸಿಗೆ ಹೋಸು ಜೋಡಿಸಿಕೊಂಡು ಅವರು ಓಡಿದರು. ನಾವು ಕೊಡ ಹಿಡಿದು ಓಡಿದೆವು. ಗಾಡಿಯಲ್ಲಿ ನೀರು ತುಂಬಿತ್ತು, ಮನೆ ಉರಿಯುತ್ತಿತ್ತು, ನಡುವೆ ಒಂದು ಮೂಲೆ!

ಮನುಷ್ಯರಿಗೆ ಏನೂ ಆಗಲಿಲ್ಲ. ಒಂದು ಹಸು, ಅದರ ಕರು ಹೋದವು. ಆ ಮನೆಯ ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೇ ದಿನ ಬಂದಾಗ ಅವನ ನೋಟ್‌ಬುಕ್ಕಿನ ತುಂಬ ಹೊಗೆಯ ವಾಸನೆ.

ಅಂದಿನಿಂದ ನನ್ನನ್ನು ಕಾಡುವ ಪ್ರಶ್ನೆ ಇದು. ನಮ್ಮ ಊರುಗಳ ದಾರಿ ಇಷ್ಟೇ ಅಗಲ ಇರಬೇಕು ಅಂತ ಯಾರು, ಯಾವಾಗ ತೀರ್ಮಾನ ಮಾಡಿದರು? ಹುಡುಕುತ್ತ ಹೋದರೆ ಅದೊಂದು ಒಳ್ಳೆಯ ಇತಿಹಾಸದ ಪಾಠವೇ ಆಯಿತು. ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಬಂದದ್ದು ದನ

ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಎಷ್ಟೋ ಊರುಗಳ ಹೆಸರು ‘ದೊಡ್ಡಿ’ ಎಂದು ಮುಗಿಯುತ್ತದೆ. ದೊಡ್ಡಿ ಅಂದರೆ ದನ ಕೂಡುವ ಜಾಗ. ಕಾಡಂಚಿನಲ್ಲಿ ದನ ಮೇಯಿಸಲು ಹೋದವರು ರಾತ್ರಿ ಹೊತ್ತು ದನ ಕೂಡಿ, ಪಕ್ಕದಲ್ಲೇ ಗುಡಿಸಲು ಹಾಕಿಕೊಂಡರು. ಬರಬರುತ್ತ ಅದೇ ಊರಾಯಿತು. ಅಂಥ ಊರಿನ ದಾರಿ ಹೇಗಿರಬೇಕು? ಒಂದರ ಹಿಂದೆ ಒಂದು ದನ ಹೋದರೆ ಸಾಕು. ಎರಡೂ ಕಡೆ ಕಳ್ಳಿ ಬೇಲಿ ಇದ್ದರೆ ಇನ್ನೂ ಒಳ್ಳೆಯದು, ದನ ಪಕ್ಕದವರ ಹೊಲಕ್ಕೆ ನುಗ್ಗುವುದಿಲ್ಲ. ಓಣಿ ಕಿರಿದಾಗಿದ್ದರೇ ಲಾಭ!

ಬಯಲಿನ ಊರುಗಳಿಗೆ ಬೇರೆ ಕಾರಣವಿತ್ತು. ನಮ್ಮದು ಯುದ್ಧ ಕಂಡ ಸೀಮೆ. ಕೃಷ್ಣಗಿರಿಯ ಸುತ್ತಲಿನ ನಾಡಿಗೆ ಬಾರಾಮಹಲ್ ಎಂದೇ ಹೆಸರು. ರಾಯಕೋಟೆ, ಕೃಷ್ಣಗಿರಿ, ಡೆಂಕಣಿಕೋಟೆ ಅಂತ ಎಲ್ಲಿ ನೋಡಿದರೂ ಕೋಟೆ. ಮೈಸೂರಿನವರು, ಮರಾಠರು, ಕಂಪನಿಯವರು, ಒಬ್ಬರಾದ ಮೇಲೆ ಒಬ್ಬರು ಈ ದಾರಿಯಲ್ಲಿ ದಂಡು ತಂದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಗಳ ಸುತ್ತ ಮಣ್ಣಿನ ಕೋಟೆ ಇದ್ದದ್ದನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಊರಿಗೆ ಒಂದು ಗೋಡೆ, ಗೋಡೆಗೊಂದು ಊರಬಾಗಿಲು. ಬಾಗಿಲು ದೊಡ್ಡದಿದ್ದರೆ ಕುದುರೆ ಸವಾರರು ಒಟ್ಟಿಗೆ ನುಗ್ಗುತ್ತಾರೆ. ಚಿಕ್ಕದಿದ್ದರೆ ನಾಲ್ಕು ಜನ ನಿಂತು ತಡೆಯಬಹುದು. ಒಳಗಿನ ಬೀದಿಗಳೂ ಅಷ್ಟೇ, ನೇರ ಇರಬಾರದು, ತಿರುವು ಇರಬೇಕು. ಹೊರಗಿನವನು ಸುಲಭವಾಗಿ ಒಳಗೆ ಬರಬಾರದು ಅನ್ನುವುದೇ ಆ ಕಾಲದ ರಕ್ಷಣೆಯ ಲೆಕ್ಕ.

ಇವತ್ತಿನ ಲೆಕ್ಕ ಅದಕ್ಕೆ ಪೂರ್ತಿ ಉಲ್ಟಾ. ಕಾಪಾಡಲು ಬರುವವನೇ ಹೊರಗಿನಿಂದ ಬರುತ್ತಾನೆ. ಆದರೆ ಬೀದಿ ಮಾತ್ರ ಇನ್ನೂ ಹಳೆಯ ಶತ್ರುವನ್ನೇ ಕಾಯುತ್ತ ಕೂತಿದೆ.

ಹೇರೆತ್ತಿನಿಂದ ಬಂಡಿಗೆ

ಒಂದು ಕಾಲದಲ್ಲಿ ಸರಕು ಸಾಗುತ್ತಿದ್ದದ್ದು ಹೆಚ್ಚಾಗಿ ಎತ್ತಿನ ಬೆನ್ನ ಮೇಲೆ. ಲಂಬಾಣಿಗಳು ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು, ದವಸ ಹೊತ್ತು ತರುತ್ತಿದ್ದರು. ಹೇರೆತ್ತಿಗೆ ಕಾಲುದಾರಿ ಸಾಕು.

ಅಗಲವಾದ ದಾರಿ ಮೊದಲು ಬೇಕಾದದ್ದು ಫಿರಂಗಿಗೆ. 1791ರ ಜುಲೈನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಹೊಸೂರಿಗೆ ದಂಡು ತಂದದ್ದು ಏತಕ್ಕೆ? ಘಟ್ಟದ ಕೆಳಗಿನಿಂದ ಮೇಲಕ್ಕೆ ಸಾಮಾನು ಸರಂಜಾಮು ಬರುವ ದಾರಿ ತೆರೆಯಬೇಕಿತ್ತು. ಅದಕ್ಕೇ ಹೊಸೂರು ಮತ್ತು ರಾಯಕೋಟೆಯನ್ನು ಹಿಡಿದ. ಮರುವರ್ಷ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಸೇರಿತು. ಘಟ್ಟದ ಮೇಲಿನ ಹೊಸೂರು ಭಾಗ 1799ರಲ್ಲಿ, ಟಿಪ್ಪು ಮಡಿದ ಮೇಲೆ ಸೇರಿತು.

ಆಮೇಲೆ ದೊಡ್ಡ ರಸ್ತೆಗಳು ಬಂದವು. ಗಡಿಯಾಚೆ ಮೈಸೂರಿನಲ್ಲಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು. ರಸ್ತೆ ಬಂದ ಕಡೆ ಎತ್ತಿನ ಬಂಡಿ ಹೆಚ್ಚಾಯಿತು. ಊರೊಳಗಿನ ಬೀದಿಗೆ ಒಂದು ಹೊಸ ಅಳತೆ ಸಿಕ್ಕಿದ್ದು ಆಗಲೇ, ಬಂಡಿಯ ಅಳತೆ. ಅಚ್ಚಿನ ಈ ತುದಿಯಿಂದ ಆ ತುದಿಗೆ ಐದಾರು ಅಡಿ. ಅತ್ತಿತ್ತ ಒಂದೊಂದು ಅಡಿ ಬಿಟ್ಟರೆ ಏಳೆಂಟು ಅಡಿ. ಹಳೆಯ ಮನೆಗಳ ಮೂಲೆಯಲ್ಲಿ ನೆಲದಿಂದ ಮೊಳಕಾಲೆತ್ತರಕ್ಕೆ ಒಂದು ಕಲ್ಲು ನೆಟ್ಟಿರುತ್ತಾರೆ, ನೋಡಿದ್ದೀರಾ? ಅದು ಬಂಡಿಯ ಚಕ್ರ ಗೋಡೆಗೆ ಉಜ್ಜದಿರಲಿ ಅಂತ ನೆಟ್ಟದ್ದು. ಅಲ್ಲಿ ಬಂಡಿ ತಿರುಗುತ್ತಿತ್ತು ಅನ್ನುವುದಕ್ಕೆ ಆ ಕಲ್ಲೇ ಸಾಕ್ಷಿ. ಶಾಸನ ಓದಲು ಬಾರದಿದ್ದರೂ ಈ ಕಲ್ಲನ್ನು ಯಾರು ಬೇಕಾದರೂ ಓದಬಹುದು.

ಎತ್ತು ಜಾಣ ಪ್ರಾಣಿ. ಮೂಲೆಯಲ್ಲಿ ನಿಂತಲ್ಲೇ ಹೆಜ್ಜೆ ಬದಲಿಸಿ ತಿರುಗುತ್ತದೆ. ಲಾರಿಗೆ ಆ ಜಾಣತನ ಇಲ್ಲ.

ಸರಪಳಿ ಹಿಡಿದು ಬಂದವರು

ಕಂಪನಿ ಬಂದ ಮೇಲೆ ಅಲೆಕ್ಸಾಂಡರ್ ರೀಡ್ ಬಾರಾಮಹಲಿನ ಉಸ್ತುವಾರಿಗೆ ಬಂದ. ಅವನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ, ಧರ್ಮಪುರಿಯಲ್ಲಿ ಇದ್ದವನು. 1792ರಿಂದ 1799ರವರೆಗೆ ಇವರು ಇಲ್ಲಿ ಹೊಲಹೊಲವನ್ನೂ ಅಳೆದರು. ಮುಂದೆ ಮದರಾಸು ಪ್ರಾಂತದಲ್ಲೆಲ್ಲ ಹೆಸರಾದ ರೈತವಾರಿ ಪದ್ಧತಿ ಬೇರು ಬಿಟ್ಟದ್ದು ನಮ್ಮ ಈ ನೆಲದಲ್ಲೇ. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ.

1858ರಲ್ಲಿ ಮದರಾಸು ಸರ್ವೆ ಇಲಾಖೆ ಶುರುವಾಯಿತು. ಗುಂಟರ್ ಸರಪಳಿ ಅಂದರೆ 66 ಅಡಿ, 100 ಕೊಂಡಿ. ನಾವು ಸೆಂಟು ಅನ್ನುತ್ತೇವೆ, ಗಡಿಯಾಚೆಯವರು ಗುಂಟೆ ಅನ್ನುತ್ತಾರೆ. ಎರಡೂ ಅದೇ ಸರಪಳಿಯ ಮಕ್ಕಳು. 100 ಸೆಂಟು ಒಂದು ಎಕರೆ, 40 ಗುಂಟೆಯೂ ಒಂದು ಎಕರೆ.

ಸರ್ವೆಯವರು ಹೊಲಗಳನ್ನು ಅಳೆದಾಗ ನಡುವಿನ ಬಂಡಿದಾರಿಗಳನ್ನೂ ನಕ್ಷೆಯಲ್ಲಿ ಗುರುತು ಹಾಕಿದರು. ಯಾರ ಪಟ್ಟಾಕ್ಕೂ ಸೇರದ ಸರ್ಕಾರಿ ಜಾಗ ಪೋರಂಬೋಕು ಆಯಿತು. ಮನೆ ಕಟ್ಟುವ ಜಾಗ ನತ್ತಂ ಆಯಿತು, ಗಡಿಯಾಚೆ ಗ್ರಾಮಠಾಣಾ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ದಾರಿ ಒತ್ತುವರಿ ಆಗುವುದು ಹೊಸ ರೋಗವೇನಲ್ಲ. ಮದರಾಸು ಸರ್ಕಾರ 1905ರಲ್ಲೇ ಅದಕ್ಕೊಂದು ಒತ್ತುವರಿ ಕಾಯ್ದೆ ಮಾಡಬೇಕಾಯಿತು. 1882ರ ಅನುಭೋಗ ಹಕ್ಕುಗಳ ಕಾಯ್ದೆ ಇನ್ನೂ ಹಳೆಯದು. ಬೇರೆಯವರ ಹೊಲದಲ್ಲಿ 20 ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕಿನಿಂದ ನಡೆದಾಡಿದ್ದರೆ ಆ ದಾರಿಯ ಹಕ್ಕು ಉಳಿಯುತ್ತದೆ ಎಂದು ಅದು ಹೇಳುತ್ತದೆ. ಆ ಕಾಯ್ದೆ ಮೊದಲು ಜಾರಿಯಾದ ಪ್ರಾಂತಗಳಲ್ಲಿ ನಮ್ಮ ಮದರಾಸೂ ಒಂದು, ಕೊಡಗೂ ಒಂದು.

ಇಷ್ಟೆಲ್ಲ ಇದ್ದೂ ದಾರಿ ಕಳೆದುಹೋದದ್ದು ಹೇಗೆ? ನನಗೆ ತೋಚುವ ಒಂದು ಕಾರಣ ಹೇಳುತ್ತೇನೆ. ಎಲ್ಲಿ ಬಂಡಿದಾರಿ ಇತ್ತು, ಎಷ್ಟಿತ್ತು ಅನ್ನುವುದು ಕಾಗದದಲ್ಲಿ ಇದ್ದಷ್ಟೇ ಊರಿನ ಕರಣಂ ತಲೆಯಲ್ಲೂ ಇತ್ತು. ನಮ್ಮವರು ಶ್ಯಾನುಭೋಗರು ಅನ್ನುತ್ತಿದ್ದರು. 1980ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ ವಂಶಪಾರಂಪರ್ಯದ ಗ್ರಾಮಾಧಿಕಾರ ತೆಗೆದು ಹಾಕಿತು. ಅದು ಸರಿಯಾದ ಕೆಲಸವೇ, ಒಂದೇ ಮನೆತನದ ಕೈಯಲ್ಲಿ ಊರಿನ ಲೆಕ್ಕ ಇರಬಾರದು. ಆದರೆ ಆ ಮನೆಗಳ ಜೊತೆಗೆ ಹಳೆಯ ನೆನಪೂ ಹೋಯಿತು. ಇನ್ನೊಂದು, ಭಾಷೆ. ನಮ್ಮ ಅಜ್ಜಂದಿರು ‘ಬಂಡಿದಾರಿ’ ಅನ್ನುತ್ತಾರೆ. ಕಾಗದದಲ್ಲಿ ‘ವಂಡಿಪ್ಪಾದೈ’ ಅಂತ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಮುದುಕರಿಗೆ ತಮ್ಮದೇ ದಾರಿ ಕಾಗದದಲ್ಲಿ ಕಾಣಲಿಲ್ಲ.

ಗಾಡಿ ಬೆಳೆಯಿತು, ದಾರಿ ಬೆಳೆಯಲಿಲ್ಲ

1980ರಲ್ಲಿ ನಮ್ಮ ಹೊಸೂರಿನಲ್ಲೇ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಬಂತು. ಲಾರಿ ಅನ್ನುವುದು ನಮಗೆ ದೂರದ ವಸ್ತು ಅಲ್ಲ. ಎಷ್ಟೋ ಮಕ್ಕಳ ಅಪ್ಪಂದಿರು ಅಂಥ ಕಾರ್ಖಾನೆಗಳಲ್ಲಿ ದುಡಿದೇ ಮನೆ ಕಟ್ಟಿದ್ದಾರೆ. ಆದರೆ ಲಾರಿ ಮಾಡುವವರ ಮನೆ ಬಾಗಿಲಿಗೆ ಲಾರಿ ಹೋಗುವುದಿಲ್ಲ!

ಫೈರ್ ಇಂಜಿನ್ನು ಅಂದರೂ ಲಾರಿಯೇ, ಲಾರಿಯ ಚಾಸಿಯ ಮೇಲೆ ನೀರಿನ ಟ್ಯಾಂಕು, ಪಂಪು, ಏಣಿ. ನಮ್ಮ ದೇಶದ ಮೋಟಾರು ನಿಯಮದಂತೆ ವಾಹನದ ಅಗಲ 2.6 ಮೀಟರ್ ಮೀರಬಾರದು, ಅಂದರೆ ಎಂಟೂವರೆ ಅಡಿ. ಏಳೆಂಟು ಅಡಿಯ ಬಂಡಿದಾರಿಯಲ್ಲಿ ಎಂಟು ಎಂಟೂವರೆ ಅಡಿಯ ಗಾಡಿ ಹೇಗೆ ಹೋದೀತು? ತೂಕವನ್ನೂ ನೋಡಿ. 4,500 ಲೀಟರ್ ನೀರು ಹೊರುವ ಗಾಡಿಯಲ್ಲಿ ನೀರಿನ ತೂಕವೇ ನಾಲ್ಕೂವರೆ ಟನ್. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ 300 ಕೊಡ. ಆ ಗಾಡಿ ಕಮಾನಿನ ಹೊರಗೆ ನಿಂತರೆ 300 ಕೊಡ ನೀರು ಹೊರಗೆ ನಿಂತ ಹಾಗೆ.

ಊರಿನವರೆಗೆ ರಸ್ತೆ ಬಂದಿದೆ, ಇಲ್ಲ ಅನ್ನಲಾಗದು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಹಳ್ಳಿ ರಸ್ತೆಯ ಟಾರು 3.75 ಮೀಟರ್, ಸಂಚಾರ ಕಡಿಮೆ ಇದ್ದಲ್ಲಿ 3 ಮೀಟರ್. ಫೈರ್ ಇಂಜಿನ್ನಿಗೆ ಇಷ್ಟು ಸಾಕು. ನಮ್ಮ ಪಕ್ಕದಲ್ಲೇ ದೊಡ್ಡ ಹೆದ್ದಾರಿಯೂ ಹೋಗಿದೆ. ಬೆಂಗಳೂರಿನಿಂದ ಕೃಷ್ಣಗಿರಿಯವರೆಗೆ ಎಲ್ಲಿ ಬೇಕಾದರೂ ಗಾಡಿ ಹಾರಿಕೊಂಡು ಬರುತ್ತದೆ. ತೊಡಕು ಇರುವುದು ಕೊನೆಯ ಇನ್ನೂರು ಗಜದಲ್ಲಿ, ಅದು ಯಾವ ಯೋಜನೆಗೂ ಸೇರದ ಜಾಗ. ಅಲ್ಲಿ ಯಜಮಾನರು ನಾವೇ.

ತೋಟದ ಮನೆಗಳ ಕತೆ ಇನ್ನೊಂದು. ಬೋರ್‌ವೆಲ್ ಬಂದ ಮೇಲೆ ಜನ ನತ್ತಂ ಬಿಟ್ಟು ಹೊಲದಲ್ಲೇ ಮನೆ ಕಟ್ಟಿದರು. ದಾರಿ ಅಂದರೆ ಬದುವನ್ನೇ ಸ್ವಲ್ಪ ಅಗಲ ಮಾಡಿದ್ದು. ಕಾಲುವೆ ದಾಟಲು ಎರಡು ಚಪ್ಪಡಿ ಕಲ್ಲು. ಮೇಲೆ ಜೋತುಬಿದ್ದ ಕರೆಂಟು ತಂತಿ, ಎರಡೂ ಕಡೆಯಿಂದ ಬಾಗಿದ ತೆಂಗಿನ ಗರಿ. ಕೊನೆಯಲ್ಲಿ ಚೆಂದದ ಗೇಟು, ಬೈಕಿಗೆ, ಕಾರಿಗೆ ಸಾಕು. ಹಿಂದಿನವರ ಮನೆ ಹತ್ತಿರ ಕಣ ಇರುತ್ತಿತ್ತು, ಬಂಡಿ ತಿರುಗಿಸಲು ಜಾಗ ಸಿಗುತ್ತಿತ್ತು. ಈಗ ಕಣವೇ ಇಲ್ಲ, ರಾಗಿ ಹುರುಳಿಯನ್ನೆಲ್ಲ ಟಾರ್ ರಸ್ತೆಯ ಮೇಲೆ ಹರವಿ ಓಡಾಡುವ ಗಾಡಿಗಳ ಕೈಯಲ್ಲಿ ತುಳಿಸುತ್ತೇವೆ. ಕಣ ರಸ್ತೆಗೆ ಹೋಯಿತು, ಗಾಡಿ ತಿರುಗುವ ಜಾಗದಲ್ಲಿ ಕಾಂಪೌಂಡು ಎದ್ದಿತು.

ಆದರೆ ಒಂದು ಲಾರಿ ಮಾತ್ರ ಎಲ್ಲ ಮನೆಗೂ ಹೋಗುತ್ತದೆ. ಯಾವುದು ಹೇಳಿ? ತಿರುಚೆಂಗೋಡಿನ ಬೋರ್‌ವೆಲ್ ಲಾರಿ! ಅದು ಬರುತ್ತದೆ ಅಂದರೆ ಬೇಲಿ ಕೀಳುತ್ತೇವೆ, ಗೇಟಿನ ಕಂಬ ತೆಗೆಯುತ್ತೇವೆ, ಪಕ್ಕದವನನ್ನು ಕೈ ಮುಗಿದು ಕೇಳುತ್ತೇವೆ, ಅವನೂ ಒಪ್ಪುತ್ತಾನೆ. ಕೊರೆದು ಮುಗಿದ ಮರುದಿನ ಬೇಲಿ ಮತ್ತೆ ಬರುತ್ತದೆ. ಅಂದರೆ ದಾರಿ ಅಗಲ ಮಾಡಲು ಆಗುವುದಿಲ್ಲ ಅನ್ನುವುದು ಸುಳ್ಳು. ಬೋರ್‌ವೆಲ್ ಲಾರಿ ನಾವು ಕರೆದ ದಿನ ಬರುತ್ತದೆ. ಫೈರ್ ಇಂಜಿನ್ನು ಬರುವ ದಿನ ನಮಗೆ ಗೊತ್ತಿಲ್ಲ. ವ್ಯತ್ಯಾಸ ಅಷ್ಟೇ.

ಬೇರೆಯವರು ಯಾವಾಗ ಕಲಿತರು?

ಲಂಡನ್ನಿನಲ್ಲಿ 1212ರಲ್ಲಿ ದೊಡ್ಡ ಬೆಂಕಿ ಆದ ಮೇಲೆ ಹುಲ್ಲಿನ ಸೂರು ಬೇಡ ಅಂದರು. ಬೀದಿ ಮಾತ್ರ ಕಿರಿದಾಗೇ ಉಳಿಯಿತು. 1666ರಲ್ಲಿ ಊರಿನ ಬಹುಭಾಗ ಸುಟ್ಟುಹೋಯಿತು. ಆಮೇಲೆ ಕಾನೂನು ಮಾಡಿ, ಬೀದಿ ಅಗಲ ಮಾಡಿ, ಇಟ್ಟಿಗೆ ಕಲ್ಲಿನಲ್ಲಿ ಮನೆ ಕಟ್ಟಿದರು.

ನಮ್ಮ ಬೆಂಗಳೂರು ಕಲಿತದ್ದು ಬೆಂಕಿಯಿಂದಲ್ಲ, ಪ್ಲೇಗಿನಿಂದ. 1898ರಲ್ಲಿ ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸತ್ತ ಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅಗಲ ರಸ್ತೆಗಳೊಂದಿಗೆ ಎದ್ದವು.

ಏಪ್ರಿಲ್ 14ನ್ನೇ ನೋಡಿ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗಿಗೆ ಬೆಂಕಿ ಬಿತ್ತು. ಹಡಗಿನಲ್ಲಿ ಹತ್ತಿ, ಜೊತೆಗೇ ಸ್ಫೋಟಕ. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅಗ್ನಿಶಾಮಕ ಸಪ್ತಾಹ ಶುರುವಾಗುವುದು ಅವರ ನೆನಪಿನಿಂದ.

ನಾವು ಮೇಷ್ಟರುಗಳು ಮರೆಯಲಾಗದ ದಿನ 2004ರ ಜುಲೈ 16. ನಮ್ಮ ಕೃಷ್ಣಗಿರಿ ಜಿಲ್ಲೆ ಹುಟ್ಟಿ ಆಗಿನ್ನೂ ಅರ್ಧ ವರ್ಷ ಆಗಿರಲಿಲ್ಲ. ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆ ಕೋಣೆಯ ಬೆಂಕಿ ಗರಿಯ ಸೂರಿಗೆ ಹತ್ತಿತು. ಮೆಟ್ಟಿಲು ಕಿರಿದು, ಹೊರಬರಲು ದಾರಿ ಇಲ್ಲ. 94 ಮಕ್ಕಳು ಹೋದರು. ಆಮೇಲೆ ತಮಿಳುನಾಡಿನಲ್ಲಿ ಶಾಲೆಗಳ ಗರಿಯ ಸೂರು ತೆಗೆಸಿದರು. 2009ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ದೇಶದ ಶಾಲೆಗಳೆಲ್ಲ ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮ ಪಾಲಿಸಬೇಕು ಅಂತ ಹೇಳಿತು. ಅದೇ ಸಂಹಿತೆ ಎತ್ತರದ ಕಟ್ಟಡಗಳ ಮುಖ್ಯ ಗೇಟು 6 ಮೀಟರಿಗಿಂತ ಕಡಿಮೆ ಇರಬಾರದು, ಗೇಟಿನ ಮೇಲೆ ಕಮಾನು ಕಟ್ಟಿದರೆ ಕೆಳಗೆ 4.5 ಮೀಟರ್ ಬಿಡಬೇಕು ಅನ್ನುತ್ತದೆ. ಅಮೆರಿಕದ ಅನೇಕ ಕಡೆ ಒಪ್ಪಿಕೊಂಡಿರುವ ಬೆಂಕಿ ಸಂಹಿತೆಯಲ್ಲೂ ಫೈರ್ ಇಂಜಿನ್ನಿನ ದಾರಿಗೆ 20 ಅಡಿ, ಅಂದರೆ ಅದೇ 6 ಮೀಟರ್. ದಾರಿ ಮುಂದೆ ಮುಚ್ಚಿದ್ದು 150 ಅಡಿಗಿಂತ ಉದ್ದವಿದ್ದರೆ ಕೊನೆಯಲ್ಲಿ ಗಾಡಿ ತಿರುಗಲು ಜಾಗ ಬೇಕು ಅಂತಲೂ ಇದೆ. ಅದನ್ನು ಓದಿದಾಗ ನನಗೆ ನಮ್ಮ ಕಣವೇ ಕಣ್ಣ ಮುಂದೆ ಬಂತು.

ದಾರಿ ಒಂದಿದ್ದರೆ ಎಲ್ಲವೂ ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. 2023ರ ಅಕ್ಟೋಬರ್ 7ರಂದು ಗಡಿಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದದ್ದು ಹೆದ್ದಾರಿಯ ಮಗ್ಗುಲಲ್ಲೇ. ಆ ದಿನವೇ 14 ಜನ ಸತ್ತರು. ಅವರಲ್ಲಿ ಹೆಚ್ಚಿನವರು ನಮ್ಮ ಕಡೆಯಿಂದ ಕೆಲಸಕ್ಕೆ ಹೋದ ಹುಡುಗರು. ಅದೇ ವರ್ಷ ಜುಲೈ 29ರಂದು ಕೃಷ್ಣಗಿರಿಯ ಪಳೆಯಪೇಟೆಯಲ್ಲೂ ಪಟಾಕಿ ಗೋದಾಮು ಸಿಡಿದು ಅಕ್ಕಪಕ್ಕದವರೂ ಸತ್ತರು. ಕೆಲವು ಬೆಂಕಿಗೆ ದಾರಿ ಎಷ್ಟಿದ್ದರೂ ಸಾಲದು. ಆದರೆ ಹುಲ್ಲಿನ ಮೆದೆ, ಕೊಟ್ಟಿಗೆ, ಅಡುಗೆಮನೆಯ ಬೆಂಕಿ ಹಾಗಲ್ಲ. ಅವು ಹತ್ತು ನಿಮಿಷ ಮೊದಲು ನೀರು ಬಿದ್ದರೆ ಆರುವ ಬೆಂಕಿಗಳು.

ಲಂಡನ್ನು ಬೆಂಕಿಯಿಂದ ಕಲಿತಿತು, ಬೆಂಗಳೂರು ಪ್ಲೇಗಿನಿಂದ ಕಲಿತಿತು, ಶಾಲೆಗಳು ಕುಂಭಕೋಣದಿಂದ ಕಲಿತವು. ಇತಿಹಾಸದಲ್ಲಿ ದಾರಿ ಅಗಲವಾದದ್ದು ಒಂದೋ ಫಿರಂಗಿಗೆ, ವ್ಯಾಪಾರಕ್ಕೆ, ಇಲ್ಲವೇ ಹೆಣ ಬಿದ್ದ ಮೇಲೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಬೆಂಕಿ ಬೀಳುವ ಮೊದಲೇ ಒಂದು ಊರು ಕೂತು ಮಾತಾಡಿ ದಾರಿ ಬಿಟ್ಟುಕೊಂಡರೆ, ಅದೂ ಇತಿಹಾಸವೇ ಅಲ್ಲವೇ?

ಮಕ್ಕಳು ಅಳೆದದ್ದು

ಹುಡುಗಿಯ ಪ್ರಶ್ನೆಗೆ ಆ ದಿನ ಉತ್ತರ ಕೊಡಲಿಲ್ಲ. ಬದಲಿಗೆ ಒಂದು ಕೆಲಸ ಕೊಟ್ಟೆ. ಹನ್ನೆರಡು ಅಡಿಯ ಒಂದು ಹಗ್ಗ. ನೇರ ದಾರಿಯಲ್ಲಿ ಎಂಟೂವರೆ ಅಡಿಯ ಗಾಡಿ ಕನ್ನಡಿ ಉಜ್ಜದೆ ಹೋಗಲು, ಪಕ್ಕದಲ್ಲಿ ಮನುಷ್ಯ ನಡೆಯಲು ಇಷ್ಟಾದರೂ ಬೇಕು ಅಂತ ನನ್ನ ಲೆಕ್ಕ. ತಿರುವಿನಲ್ಲಿ ಇನ್ನೂ ಹೆಚ್ಚು ಬೇಕು. ಪ್ರತಿಯೊಬ್ಬರೂ ಟಾರ್ ರಸ್ತೆಯಿಂದ ತಮ್ಮ ಮನೆಯವರೆಗೆ ಹಗ್ಗ ಅಡ್ಡ ಹಿಡಿದು ನಡೆಯಬೇಕು. ಹಗ್ಗ ಎಲ್ಲಿ ತಗಲುತ್ತದೋ ಅಲ್ಲಿ ಬರೆದುಕೊಳ್ಳಬೇಕು: ಗೋಡೆಯೋ, ಜಗಲಿಯೋ, ಕಟ್ಟಿಗೆ ರಾಶಿಯೋ, ಗೇಟಿನ ಕಂಬವೋ. ಮೇಲೆ ನೋಡಿ ತಂತಿ, ಕೊಂಬೆ ಇದ್ದರೆ ಅದನ್ನೂ ಬರೆಯಬೇಕು, ಮುಟ್ಟಬಾರದು.

ಮರುವಾರ ಪುಸ್ತಕಗಳು ಬಂದವು. ನಾನು ನಿರೀಕ್ಷಿಸಿದ ಗೋಡೆಗಳಿಗಿಂತ ಹೆಚ್ಚಾಗಿ ಅಡ್ಡ ಇದ್ದದ್ದು ಸರಿಸಬಹುದಾದ ವಸ್ತುಗಳೇ. ಸೌದೆ ರಾಶಿ, ತಿಪ್ಪೆ, ಹಳೆಯ ನೀರಿನ ತೊಟ್ಟಿ, ಓಡದ ಟ್ರ್ಯಾಕ್ಟರ್ ಟ್ರೈಲರು, ದಾರಿಗೆ ಬಾಗಿದ ಕಳ್ಳಿ. ಒಬ್ಬ ಹುಡುಗ ಬರೆದಿದ್ದ: “ನಮ್ಮ ತಾತನ ಮಂಚ.”

ಇನ್ನೊಬ್ಬ ಹುಡುಗ ಒಂದು ಹೆಜ್ಜೆ ಮುಂದೆ ಹೋಗಿದ್ದ. ಮನೆಯಲ್ಲಿದ್ದ ಎಫ್.ಎಂ.ಬಿ. ನಕ್ಷೆಯ ಪ್ರತಿಯನ್ನು ತಂದು ತೋರಿಸಿದ. ಅದರಲ್ಲಿ ಬಂಡಿದಾರಿ ಇತ್ತು, ನೆಲದ ಮೇಲೆ ಅರ್ಧವೇ ಉಳಿದಿತ್ತು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ತಮಿಳನ್ನೂ ಓದುತ್ತಾರೆ. ಆ ಹುಡುಗ ‘ವಂಡಿಪ್ಪಾದೈ’ ಅನ್ನುವುದನ್ನು ಓದಿ ತಾತನಿಗೆ ಕನ್ನಡದಲ್ಲಿ ಹೇಳಿದನಂತೆ. ತಾತ, “ಹೂಂ ಕಣಪ್ಪ, ನಮ್ಮಪ್ಪನ ಕಾಲ್ದಾಗೆ ಬಂಡಿ ಹೋಗ್ತಿತ್ತು” ಅಂದರಂತೆ. ಕರಣಂ ಜೊತೆ ಹೋದ ನೆನಪು ಮೊಮ್ಮಗನ ಬಾಯಲ್ಲಿ ವಾಪಸು ಬಂತು.

ಜಾಗ ಬಿಡಿ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಹೊಸೂರು ಸುತ್ತಮುತ್ತ ಸೆಂಟಿಗೆ ಏನು ಬೆಲೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಮಕ್ಕಳ ಕೈಯಲ್ಲಿ ಒಂದು ಲೆಕ್ಕ ಮಾಡಿಸಿದೆ. ಎಂಟು ಅಡಿಯ ದಾರಿಯನ್ನು ಹನ್ನೆರಡು ಅಡಿ ಮಾಡಲು ನಾಲ್ಕು ಅಡಿ ಬೇಕು. ನೂರು ಅಡಿ ಉದ್ದಕ್ಕೆ 400 ಚದರ ಅಡಿ. ಒಂದು ಸೆಂಟು ಅಂದರೆ 435.6 ಚದರ ಅಡಿ. ಅಂದರೆ ಒಂದು ಸೆಂಟೂ ಪೂರ್ತಿ ಆಗಲಿಲ್ಲ. ಎರಡೂ ಕಡೆಯವರು ಎರಡೆರಡು ಅಡಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಅರ್ಧ ಸೆಂಟಿಗಿಂತ ಕಡಿಮೆ. ಆ ದಾರಿಯಲ್ಲಿ ಫೈರ್ ಇಂಜಿನ್ನು ಮಾತ್ರ ಅಲ್ಲ, 108 ಬರುತ್ತದೆ, ಟೊಮೇಟೊ ಲಾರಿ ಬರುತ್ತದೆ, ಮಾವಿನ ಲಾರಿ ಬರುತ್ತದೆ, ಬೇಲಿ ಕೀಳದೆ ಬೋರ್‌ವೆಲ್ ಲಾರಿಯೂ ಬರುತ್ತದೆ.

ಊರಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಹೊಸ ಕಾಂಪೌಂಡು ಹಾಕುವ ಮೊದಲು ಒಮ್ಮೆ ನಕ್ಷೆ ನೋಡಿ. ಹೊಸ ಮನೆಯ ಗೇಟನ್ನು ಕಾರಿನ ಅಳತೆಗೆ ಇಡಬೇಡಿ, ಲಾರಿಯ ಅಳತೆಗೆ ಇಡಿ. ಮೋರಿಯ ಮೇಲೆ ಚಪ್ಪಡಿ ಹಾಸುವಾಗ ತುಂಬಿದ ಲಾರಿ ನೆನೆಸಿಕೊಳ್ಳಿ. ಕಮಾನು ಕಟ್ಟುವುದಿದ್ದರೆ ಹದಿನೈದು ಅಡಿ ಎತ್ತರ ಬಿಟ್ಟು ಕಟ್ಟಿ, ದೇವರೇನೂ ಬೇಡ ಅನ್ನುವುದಿಲ್ಲ. ಮೆದೆಯನ್ನು ಮನೆಗೆ, ಕೊಟ್ಟಿಗೆಗೆ ತಾಗಿಸಿ ಒಟ್ಟಬೇಡಿ. ಮನೆ ಮುಂದೆ ಕಣದಷ್ಟು ಜಾಗ ಉಳಿದಿದ್ದರೆ ಹಾಗೇ ಉಳಿಸಿ.

ನಮ್ಮ ಶಾಲೆಯ ಗೇಟಿನ ವಿಷಯ ಕೇಳುತ್ತೀರಾ? ಮಕ್ಕಳು ಅದನ್ನೂ ಅಳೆದರು, ಬಿಡಲಿಲ್ಲ! ಒಂಬತ್ತು ಅಡಿ. ಪೋಷಕರ ಸಭೆಯಲ್ಲಿ ಆ ಪುಸ್ತಕವನ್ನೇ ಮುಂದಿಟ್ಟೆ. ಒಂದು ಕಡೆಯ ಕಂಬ ಸರಿಸೋಣ ಅಂತ ತೀರ್ಮಾನ ಆಗಿದೆ. ಗಾರೆ ಕೆಲಸದ ಇಬ್ಬರು ಅಪ್ಪಂದಿರು ಕೂಲಿ ಬೇಡ ಅಂದಿದ್ದಾರೆ.

ಹುಡುಗಿಯ ಮನೆ ದಾರಿಯಲ್ಲಿ ಹಗ್ಗ ಮೂರು ಕಡೆ ತಗಲಿತ್ತು. ಎರಡು ಕಡೆ ಅವಳ ಅಪ್ಪನೇ ಸರಿ ಮಾಡಿದರು. ಮೂರನೆಯದು ಪಕ್ಕದ ಹೊಲದವರ ಬೇಲಿ. ಮಾತುಕತೆ ನಡೆಯುತ್ತಿದೆ ಅಂತೆ. ಮೊನ್ನೆ ಅವಳೇ ಬಂದು ಹೇಳಿದಳು, “ಸಾರ್, ಇನ್ನ ಒಂದೇ ಇರೋದು.”

ನಿಮ್ಮ ಊರಿನಲ್ಲಿ ಹಗ್ಗ ಎಷ್ಟು ಕಡೆ ತಗಲುತ್ತದೆ? ಒಮ್ಮೆ ಮಕ್ಕಳ ಜೊತೆ ನಡೆದು ನೋಡಿ, ನನಗೂ ತಿಳಿಸಿ.